ಸಂಡಿಗೆ ದೊಡ್ಡಮ್ಮನ ಬಿಸಿಲು

ಹೊಸ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳಿದ ಹಾಗೆ ಇದನ್ನು ಹೊಗಳಿದವರು ಯಾರೂ ಇಲ್ಲ. ಮೂಗಿನೊಳಗೆ ಹಸಿ ಸುಣ್ಣ ಬಳಿದಂಥ ವಾಸನೆ ಅದು. ಈ ಚಳಿಗಾಲದ ಒಂದು ಬೆಳಿಗ್ಗೆ ಅದು ನಮ್ಮ ಜಗಲಿಗೆ ಬಂತು. ಜಗಲಿಯ ಮೇಲೆ ನಾವು ಮೂವರಿದ್ದೆವು. ಅಮ್ಮ ಗೋಡೆಗೊರಗಿ ಕಾಲು ಚಾಚಿ ಎಳೆಬಿಸಿಲಿಗೆ ಕೂತಿದ್ದಳು. ನನ್ನ ಹೆಂಡತಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೊಳೆನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದೆ. ಪಕ್ಕದ ಸೈಟಿನಲ್ಲಿ ಹೊಸದಾಗಿ ಎದ್ದ ಕಂಬಗಳಿಗೆ ಗೋಣಿಚೀಲ ಸುತ್ತಿ ಕೆಲಸದವನೊಬ್ಬ ಡ್ರಮ್ಮಿನಿಂದ ಬಕೆಟ್ಟಿನಲ್ಲಿ ಮೊಗೆದು ನೀರು ಎರಚುತ್ತಿದ್ದ.

ಅಮ್ಮ ಮೂಗು ಅರಳಿಸಿ, "ಅಕ್ಕನ ಅಂಗಳಕ್ಕೆ ನೀರ್ ಒಡೀತಾವ್ರೆ ಕಣ್ಲಾ" ಅಂದಳು.

ಅಷ್ಟೇ. ನನಗೆ ಮಾತ್ರ ಆ ಹಸಿ ಸುಣ್ಣದ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂದ ಹಾಗಾಯಿತು. ಅರೆದ ಹಸಿಮೆಣಸಿನಕಾಯಿ, ಇಂಗು, ಹುಳಿ ಮಜ್ಜಿಗೆ, ಕುದಿಯುವ ಅಕ್ಕಿಹಿಟ್ಟು… ಅದರ ಜೊತೆ ಬಂದದ್ದನ್ನು ದುಃಖ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದು ಸಿಟ್ಟು. ಇಷ್ಟು ವರ್ಷವಾದರೂ ಆರದ ಸಿಟ್ಟು.

ಅಮ್ಮ ಅಕ್ಕ ಅನ್ನುತ್ತಿದ್ದವಳನ್ನು ನಾನು ದೊಡ್ಡಮ್ಮ ಅನ್ನುತ್ತಿದ್ದೆ. ಬೀದಿಯವರೆಲ್ಲ ಸಂಡಿಗೆ ದೊಡ್ಡಮ್ಮ ಅನ್ನುತ್ತಿದ್ದರು. ರಕ್ತದ ಸಂಬಂಧವೇನೂ ಇರಲಿಲ್ಲ. ನಮ್ಮ ಮನೆಯ ಪೂರ್ವಕ್ಕೆ ಅವಳ ಮನೆ, ಅಷ್ಟೇ ಸಂಬಂಧ. ಆದರೆ ನಡುವಿನ ಕಾಂಪೌಂಡು ಸೊಂಟದೆತ್ತರದ್ದು. ಸೊಂಟದೆತ್ತರದ ಗೋಡೆಯ ಎರಡು ಕಡೆ ಇದ್ದವರು ನೆಂಟರಾಗದೆ ಬೇರೆ ದಾರಿ ಇರಲಿಲ್ಲ ಅನ್ನಿ.

ಅವಳು ಅರಕಲಗೂಡಿನ ಕಡೆಯ ಮಲ್ಲಿಪಟ್ಟಣದ ಹೆಣ್ಣು. ಗಂಡನಿಗೆ ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಕೆಲಸ ಸಿಕ್ಕಿತೆಂದು ಇಬ್ಬರೂ ಇಲ್ಲಿಗೆ ಬಂದರಂತೆ. ಆಗ ನಮ್ಮ ಬಡಾವಣೆ ಊರಾಚೆಯ ಬೋರೆ, ಬರಡು ದಿಣ್ಣೆ. ಸೈಟು ತೆಗೆದುಕೊಂಡು ತಳಪಾಯ ಹಾಕುವ ಹೊತ್ತಿಗೆ ಅವರಿಗೆ ಹನಿ ನೀರು ಇರಲಿಲ್ಲ. ನಮ್ಮ ಅಜ್ಜಿ ತಮ್ಮ ಬಾವಿಯ ಹಗ್ಗ, ಬಿಂದಿಗೆ ಎರಡನ್ನೂ ಅವರ ಕೈಗೆ ಕೊಟ್ಟು, "ಮನೆ ಕಟ್ಟೋರಿಗೆ ನೀರಿಲ್ಲ ಅನ್ಬಾರ್ದು, ಸೇದ್ಕೊಳ್ರಪ್ಪ" ಅಂದರಂತೆ. ನಮ್ಮ ಕಡೆ ಅದೊಂದು ನೇಮ. ಮದುವೆಗೆ ಸುಳ್ಳು ಹೇಳಿದರೂ ಪರವಾಗಿಲ್ಲ, ಮನೆ ಕಟ್ಟುವವರು ನೀರು ಕೇಳಿದಾಗ ಇಲ್ಲ ಅನ್ನುವಂತಿಲ್ಲ. ಶತ್ರುವಾದರೂ ಸರಿಯೇ. ಆಮೇಲೆ ದೊಡ್ಡಮ್ಮನ ಗಂಡ ತಮ್ಮ ಹಿತ್ತಲಲ್ಲೇ ಬಾವಿ ತೋಡಿಸಿದರು. ನಮ್ಮ ಬಾವಿ ಬತ್ತಿ ನಾವು ಬೋರ್ ಹಾಕಿಸಿದ ವರ್ಷದಲ್ಲೂ ಆ ಬಾವಿ ಬತ್ತಲಿಲ್ಲ.

ಗಂಡ ಬೇಗ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ದೊಡ್ಡಮ್ಮ ತವರಿಗೆ ಹೋಗಲಿಲ್ಲ, ಸಂಡಿಗೆ ಹಾಕಲು ಕೂತಳು. ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ, ಉದ್ದಿನ ಹಪ್ಪಳ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮಾರನೆಯ ದಿನದಿಂದ ಅವಳ ಅಂಗಳದ ದರ್ಬಾರು. ಕೋಳಿ ಕೂಗುವ ಹೊತ್ತಿಗೆ ಹಂಡೆಯಲ್ಲಿ ಹಿಟ್ಟು ತಿರುವುತ್ತಿದ್ದಳು. ಬೆಳಕು ಹರಿಯುವಷ್ಟರಲ್ಲಿ ಒದ್ದೆ ಮಾಡಿದ ಹಳೇ ಪಂಚೆಗಳನ್ನು ಅಂಗಳದ ತುಂಬ ಹಾಸಿ, ಬೆರಳ ತುದಿಯಿಂದ ಚಿಟ್ಟೆ ಕೂತ ಹಾಗೆ ಸಂಡಿಗೆ ಬಿಡುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಪೂರ್ವಕ್ಕಿದ್ದದ್ದು ಖಾಲಿ ಸೈಟು, ನಾಲ್ಕು ಎಕ್ಕದ ಗಿಡ. ಸೂರ್ಯ ಎದ್ದವನೇ ಮೊದಲು ಬಂದು ಕೂರುತ್ತಿದ್ದದ್ದು ಅವಳ ಅಂಗಳದಲ್ಲಿ. ಬೆಳಗಿನ ಬಿಸಿಲು ಸಿಕ್ಕಿದರೆ ಸಂಡಿಗೆ ಬಿಳಿ ಮಲ್ಲಿಗೆ. ಸಿಗದಿದ್ದರೆ ಹುಳಿ ಹತ್ತಿ ಬೂಸಲು. ಅಷ್ಟು ಸಲೀಸು ವ್ಯವಹಾರ.

ಬಾಯಿ ಮಾತ್ರ ಮೆಣಸಿನಕಾಯಿ. ಯಾರಾದರೂ ಹೆಣ್ಣುಮಕ್ಕಳು ಬಂದು, "ದೊಡ್ಡಮ್ಮ, ಸಂಡಿಗೆ ಕರಿದ್ರೆ ಅರಳ್ಲಿಲ್ಲ" ಅಂದರೆ, "ಎಣ್ಣೆ ಕಾಯೋಗಂಟ ಕಾಯಾಕೆ ನಿಂಗೆ ಪುರುಸೊತ್ತೆಲ್ಲೈತವ್ವ, ಟೀವಿ ನೋಡ್ಬೇಕಲ್ಲ" ಅನ್ನುತ್ತಿದ್ದಳು. ಬೀದಿಯ ಮಕ್ಕಳೆಲ್ಲ ಅವಳ ಕಾಗೆ ಕಾಯುವ ಪಡೆ. ಕೂಲಿ ಒಂದು ಹಿಡಿ ಹಸಿ ಹಿಟ್ಟು. ಬಾಳೆಲೆಯ ಚೂರಿನ ಮೇಲೆ ಬಿಸಿ ಬಿಸಿ ಹಾಕಿ ಕೊಟ್ಟರೆ ನಾಲಗೆಗೆ ಖಾರ, ಹುಳಿ, ಉಪ್ಪು ಎಲ್ಲ ಒಟ್ಟಿಗೆ… ಆ ರುಚಿ ಒಣಗಿದ ಸಂಡಿಗೆಗೂ ಇಲ್ಲ.

ಹಾಗಿದ್ದ ಅಂಗಳದ ಪೂರ್ವಕ್ಕೆ ಒಬ್ಬರು ಮನೆ ಕಟ್ಟಲು ಬಂದರು.

ಕಟ್ಟಾಯದ ಕಡೆಯವರು. ಜಮೀನಿನ ಒಂದು ಭಾಗ ಲೇಔಟಿಗೆ ಹೋಗಿತ್ತು, ಕೈಯಲ್ಲಿ ದುಡ್ಡಿತ್ತು. ನಯವಾದ ಮನುಷ್ಯ, ಬೈಯಲು ಬಾಯಿ ಬರುವಂಥವರಲ್ಲ. ಮೊದಲ ದಿನವೇ ಮೊಬೈಲಿನಲ್ಲಿ ಮನೆಯ ಮುಂಭಾಗದ ಚಿತ್ರ ತೋರಿಸಿದರು. "ಎಲಿವೇಷನ್ ನೋಡಿ ಸಾ, ಮೈಸೂರಿಂದ ಮಾಡ್ಸಿದೀನಿ." ಬಾಯಿ ತೆರೆದರೆ ಎಲಿವೇಷನ್. ಮಲಗುವ ಕೋಣೆ ಎಲ್ಲಿ, ಅಡುಗೆ ಮನೆಗೆ ಗಾಳಿ ಹೇಗೆ ಅಂತ ಕೇಳಿದರೆ ಅದನ್ನೆಲ್ಲ ಇಂಜಿನಿಯರ್ ನೋಡಿಕೊಳ್ಳುತ್ತಾರೆ ಅನ್ನುತ್ತಿದ್ದರು. ದೊಡ್ಡಮ್ಮ ಅವರಿಗೆ ಎಲಿವೇಷನ್ನಪ್ಪ ಅಂತ ಹೆಸರಿಟ್ಟಳು. ಬೀದಿಗೆಲ್ಲ ಅದೇ ಹೆಸರು ನಿಂತಿತು.

ಎಲಿವೇಷನ್ನಪ್ಪ ಬೋರ್ ಕೊರೆಸಿದರು, ಬರೀ ಧೂಳು ಬಂತು. ನಲ್ಲಿ ನೀರು ಯಾವಾಗ ಬರುತ್ತದೋ ಬಿಟ್ಟವನಿಗೇ ಗೊತ್ತು. ಒಂದು ಸಂಜೆ ಬಂದು ದೊಡ್ಡಮ್ಮನ ಅಂಗಳದಲ್ಲಿ ಕೈಕಟ್ಟಿ ನಿಂತರು.

"ಅವ್ವ, ಮನೆ ಕೆಲ್ಸಕ್ಕೆ ಒಸಿ ನೀರು…"

"ಎಷ್ಟ್ ಅಂತಸ್ತಪ್ಪ?" ಅಂತ ಕೇಳಿದಳಂತೆ ದೊಡ್ಡಮ್ಮ.

"ಒಂದೇ ಅವ್ವ. ಕೆಳಗೊಂದು, ಮ್ಯಾಲೊಂದು ರೂಮು. ನಿಮ್ಮ ಅಂಗಳಕ್ಕೇನೂ ಆಗಾಕಿಲ್ಲ. ಜಾಗ ಬುಟ್ಟು ಕಟ್ತೀವಿ."

"ಸೇದ್ಕಳಿ" ಅಂದಳು ದೊಡ್ಡಮ್ಮ. ಆಗಲೇ ಬಾವಿಗೆ ಮೋಟಾರು ಇತ್ತು. ಅವರ ಪೈಪು ಕಾಂಪೌಂಡು ದಾಟಿತು.

ಜಾಗ ಬಿಟ್ಟು ಕಟ್ಟುತ್ತೇವೆ ಅಂದವರು ತಳಪಾಯವನ್ನು ಗಡಿಗೆರೆಯ ಮೇಲೆಯೇ ತೋಡಿದರು. ಮೇಲಿನ ಒಂದು ರೂಮು ಪೂರ್ತಿ ಒಂದು ಮನೆಯಾಯಿತು. ಅದರ ಮೇಲೆ ಬಾಡಿಗೆಗೆ ಅಂತ ಇನ್ನೊಂದು. ನೈಋತ್ಯ ಎತ್ತರವಾಗಬೇಕೆಂದು ವಾಸ್ತುವಿನವರು ಹೇಳಿದರಂತೆ, ಆ ಮೂಲೆಗೆ ಒಂದು ಗೋಪುರದಂಥ ಕೋಣೆ, ಅದರ ನೆತ್ತಿಗೆ ನೀರಿನ ಟ್ಯಾಂಕು. ಅವರ ನೈಋತ್ಯ ಅಂದರೆ ದೊಡ್ಡಮ್ಮನ ಅಂಗಳಕ್ಕೆ ಅಂಟಿದ ಮೂಲೆ! ಒಂದೊಂದು ಸಾಲು ಇಟ್ಟಿಗೆ ಏರಿದಂತೆ ಅಂಗಳದಲ್ಲಿ ನೆರಳು ಒಂದೊಂದು ಗೇಣು ಚಾಚಿಕೊಂಡಿತು. ಸಂಜೆಯಾದರೆ ಕೆಲಸದವರು ದೊಡ್ಡಮ್ಮನ ಬಾವಿಯ ನೀರನ್ನೇ ಆ ಗೋಡೆಗೆ ಹೊಡೆದು ಗಟ್ಟಿ ಮಾಡುತ್ತಿದ್ದರು.

ಅಮ್ಮನಿಗೆ ತಡೆಯಲಾಗಲಿಲ್ಲ. ಒಂದು ದಿನ ಕಾಂಪೌಂಡಿಗೆ ಕೈಯೂರಿ ನಿಂತು ಜಗಳಕ್ಕೇ ಇಳಿದಳು. ನಾನು ಆಗ ಸ್ನಾನಕ್ಕೆ ನೀರು ಕಾಯಿಸುತ್ತಾ ಹಿತ್ತಲಲ್ಲೇ ಇದ್ದೆ.

"ಅಕ್ಕಾ, ನಿನ್ ಬಾವಿ ನೀರಲ್ಲೇ ನಿನ್ ಬಿಸ್ಲಿಗೆ ಗೋಡೆ ಕಟ್ತಾವ್ರೆ ಕಣಕ್ಕ. ಕಣ್ಣು ಕಾಣಾಕಿಲ್ವಾ ನಿಂಗೆ?"

"ಕಾಣ್ತದೆ ಬುಡವ್ವ. ಬಿಸ್ಲೋದ್ರೂ ಕಣ್ಣೋಗಿಲ್ಲ."

"ಮತ್ತೆ ಮೋಟ್ರು ನಿಲ್ಸು. ಬ್ಯಾಸ್ಗೆ. ಒಂದ್ ವಾರ ನೀರಿಲ್ದಿದ್ರೆ ಆ ಗೋಡೆ ಬಿರುಕು ಬಿಟ್ಟು ಕಾಲಿಗ್ ಬೀಳ್ತಾನೆ, ಮ್ಯಾಲಿನ ಅಂತಸ್ತು ಬುಟ್ಬುಡ್ತೀನಿ ಅಂತಾನೆ."

ದೊಡ್ಡಮ್ಮ ಮೊರದಲ್ಲಿದ್ದ ಉದ್ದನ್ನು ಕೇರುವುದು ನಿಲ್ಲಿಸಲಿಲ್ಲ. "ನಿಮ್ಮತ್ತೆ ಅಂಗೆ ಅಂದಿದ್ರೆ ನನ್ ಮನೆ ಏಳ್ತಿತ್ತಾ? ಮನೆ ಕಟ್ಟೋರ್ಗೆ ನೀರಿಲ್ಲ ಅನ್ನಾಕಾಯ್ತದಾ?"

"ನಿಮ್ಮನೆ ಯಾರ್ ಬಿಸ್ಲು ಕಿತ್ಕಂಡಿತ್ತು?"

"ನೀರು ಬ್ಯಾರೆ ಕಣೆ, ನ್ಯಾಯ ಬ್ಯಾರೆ. ನೀರ್ ಕೊಡ್ತೀನಿ. ನ್ಯಾಯಾನೂ ಕೇಳ್ತೀನಿ."

ಕೇಳಿಯೇ ಕೇಳಿದಳು. ಮಾರನೆಯ ದಿನ ಎಲಿವೇಷನ್ನಪ್ಪ ಕಾರಿನಿಂದ ಇಳಿಯುವುದನ್ನೇ ಕಾದಿದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗಿಳಿದಳು. ಬೀದಿಯೆಲ್ಲ ಬಾಗಿಲಿಗೆ ಬಂತು.

"ಏನಪ್ಪ, ಜಾಗ ಬುಡ್ತೀನಿ ಅಂದಿದ್ದೆ? ನಿನ್ ಗ್ವಾಡೆ ನನ್ ಪಂಚೆ ಮ್ಯಾಲೆ ಮಲಗೈತಲ್ಲ! ಬಿಸ್ಲು ಏನ್ ನಿಮ್ಮಪ್ಪನ್ ಮನೇದಾ?"

"ಅವ್ವ, ಸೈಟ್ ಚಿಕ್ದು. ಎಲ್ರೂ ಇಂಗೇ ಕಟ್ತಾರೆ. ಈ ಬೀದೀಲಿ ಯಾರು ಬುಟ್ಟವ್ರೆ ಯೋಳಿ?"

"ಎಲ್ರೂ ಸಗಣಿ ತಿಂದ್ರೆ ನೀನೂ ತಿಂತೀಯಾ?"

ಅವರು ಸಿಟ್ಟಾಗಲಿಲ್ಲ, ಅದೇ ತೊಂದರೆ. ನಗುತ್ತಾ ಅವಳ ಕೈ ಹಿಡಿದುಕೊಂಡರು. "ಅವ್ವ, ನಮ್ಮನೆ ಟೆರೇಸ್ ಐತಲ್ಲ? ಅಷ್ಟಗಲ ಬಿಸ್ಲು. ನಿಮ್ ಸಂಡ್ಗೆ ಅಲ್ಲೇ ಆಕ್ಕಳಿ. ನಿಮ್ಮನೇನೇ ಅನ್ಕಳಿ."

ಬೀದಿಯವರಿಗೆಲ್ಲ ಅದು ನ್ಯಾಯವಾಗಿಯೇ ಕಂಡಿತು. ದೊಡ್ಡಮ್ಮ ಸೊಂಟದ ಸೆರಗು ಬಿಡಿಸಿಕೊಂಡು ಒಳಗೆ ಬಂದಳು. ನೀರೂ ನಿಲ್ಲಲಿಲ್ಲ.

ಎಲಿವೇಷನ್ ಅಂದೆನಲ್ಲ, ಅದರ ಕತೆ ಕೇಳಿ. ರಸ್ತೆಯ ಕಡೆಗೆ ಕಲ್ಲಿನ ಟೈಲು, ಕನ್ನಡಿಯಂಥ ಗಾಜು, ಸ್ಟೀಲಿನ ಕಂಬಿ, ಸಂಜೆಯಾದರೆ ನೆಲದಿಂದ ಮೇಲಕ್ಕೆ ಹೊಡೆಯುವ ಬಣ್ಣದ ದೀಪ. ದೊಡ್ಡಮ್ಮನ ಕಡೆಯ ಗೋಡೆಗೆ ಗಾರೆ ಕೂಡ ಇಲ್ಲ. ಬರೀ ಇಟ್ಟಿಗೆ, ಸಂದಿಯಿಂದ ಸೋರಿ ಹೆಪ್ಪುಗಟ್ಟಿದ ಸಿಮೆಂಟು, ಸಾರುವೆ ಕಟ್ಟಿದ್ದ ತೂತುಗಳು. ನಾನೇ ಒಮ್ಮೆ ಕೇಳಿದೆ. "ಆ ಕಡೆ ಯಾರಿಗ್ ಕಾಣ್ತದೆ ಬುಡಿ ಸಾ" ಅಂದರು. ಯಾರಿಗೂ ಕಾಣದ ಆ ಗೋಡೆಯನ್ನು ದೊಡ್ಡಮ್ಮ ಎದ್ದ ತಕ್ಷಣ ನೋಡುತ್ತಿದ್ದಳು, ಮಲಗುವ ಮುಂಚೆ ನೋಡುತ್ತಿದ್ದಳು. ಅವಳು ಯಾರೂ ಅಲ್ಲವಲ್ಲ!

ನನ್ನ ಸಿಟ್ಟು ಒಬ್ಬ ಮನುಷ್ಯನ ಮೇಲೆ ಮಾತ್ರ ಆಗಿದ್ದರೆ ಯಾವತ್ತೋ ಆರಿಹೋಗುತ್ತಿತ್ತು. ದಿನಾ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವವನು ನಾನು. ಗದ್ದೆ ಇದ್ದ ಕಡೆ ಕಮಾನು ಎದ್ದಿದೆ, ಕಮಾನಿನ ಮೇಲೆ ಯಾವುದೋ ದೇಶದ ಹೆಸರು. ಕಾಲುವೆ ನೀರು ಹರಿದ ಮಣ್ಣಿಗೆ ಬಣ್ಣದ ಕಲ್ಲು ನೆಟ್ಟಿದ್ದಾರೆ. ಅದರೊಳಗೆ ಒಂದೇ ಅಚ್ಚಿನ ಮನೆಗಳು, ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಮನೆ ಒಂದೇ ಸಂಸಾರದ್ದು, ಆದರೆ ಆ ಸಂಸಾರ ಏನು ಬೆಳೆಯುತ್ತದೆ, ಏನು ತಿನ್ನುತ್ತದೆ, ಎಲ್ಲಿ ಕೂತು ಮಾತಾಡುತ್ತದೆ ಅಂತ ಕೇಳಿದವರಿಲ್ಲ. ಚನ್ನರಾಯಪಟ್ಟಣದಲ್ಲಿ ನಮ್ಮ ನೆಂಟರೊಬ್ಬರು ತೆಂಗಿನ ತೋಟ ಇಟ್ಟುಕೊಂಡೇ ಅಟ್ಟವಿಲ್ಲದ ಮನೆ ಕಟ್ಟಿದರು. ಅಟ್ಟದ ಮೇಲೆ ವರ್ಷಗಟ್ಟಲೆ ಬೆಚ್ಚಗಿದ್ದು ಒಳಗೇ ಕೊಬ್ಬರಿಯಾಗಬೇಕಾದ ಕಾಯಿ ಕಾರಿನ ಪಕ್ಕ ಬಿದ್ದು ಮೊಳಕೆ ಒಡೆಯಿತು. ಅರಕಲಗೂಡಿನ ನನ್ನ ಷಡ್ಡಕ ಮನೆಯೊಳಗೆ ಸಿನಿಮಾ ನೋಡಲೆಂದೇ ಒಂದು ಕತ್ತಲೆ ಕೋಣೆ ಮಾಡಿಸಿದ. ಈಗ ಅದರ ತುಂಬ ರಾಗಿ ಮೂಟೆ. "ಇಲಿ ಬಂದ್ರೂ ಸದ್ದು ಕೇಳಾಕಿಲ್ಲ ಬುಡಣ್ಣ, ಸೌಂಡ್ ಪ್ರೂಫು" ಅಂತಾನೆ. ನಗು ಬಂತು. ಬಸ್ಸಿನಲ್ಲಿ ವಾಪಸು ಬರುವಾಗ ಆ ನಗು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗಾಯಿತು. ಜಗಲಿ ಯಾಕೆ ಬೇಡ? ಅಂಗಳ ಯಾಕೆ ಬೇಡ? ದಾರಿಹೋಕ ಒಂದು ಗಳಿಗೆ ಕೂರುವ ಕಟ್ಟೆಯ ಜಾಗದಲ್ಲಿ ಚರಂಡಿಯ ಮೇಲೆ ಕಾರು ಹತ್ತಿಸುವ ಇಳಿಜಾರು ಬಂತಲ್ಲ, ಯಾರು ಕೇಳಿದರು? ಸಾಲ ಮಾಡಿ, ಜಮೀನು ಮಾರಿ, ಜನ್ಮಕ್ಕೊಂದು ಮನೆ ಕಟ್ಟುವ ನಾವು ಅದನ್ನು ಮನೆಯವರಿಗಾಗಿ ಕಟ್ಟುವುದಿಲ್ಲ, ಎದುರು ಮನೆಯವರ ಕಣ್ಣಿಗಾಗಿ ಕಟ್ಟುತ್ತೇವೆ. ಪಕ್ಕದ ಮನೆಯವರು ಹಾಳಾಗಿ ಹೋಗಲಿ.

ಇರಲಿ. ಗೃಹಪ್ರವೇಶ ಆಯಿತು. ಹಾಲು ಉಕ್ಕಿಸಲು ಮೊದಲ ಬಿಂದಿಗೆ ನೀರು ದೊಡ್ಡಮ್ಮನ ಬಾವಿಯಿಂದಲೇ ಹೋಯಿತು. ಅವಳಿಗೊಂದು ಸೀರೆ ಕೊಟ್ಟರು, ಕಾಲಿಗೂ ಬಿದ್ದರು. ಊಟಕ್ಕೆ ನಾವೆಲ್ಲ ಸಾಲಾಗಿ ಕೂತೆವು. ಬಡಿಸುವವರು ಒಬ್ಬೊಬ್ಬರೇ ಬಂದರು. ಕೋಸಂಬರಿ ಬಂತು, ಪಲ್ಯ ಬಂತು. ಆಮೇಲೆ ಎಲೆಯ ಮೂಲೆಗೆ ಕೆಂಪು, ಹಸಿರು, ಹಳದಿ ಬಣ್ಣದ ಬೋಟಿ ಬಂದು ಬಿತ್ತು. ಅಂಗಡಿಯ ಪ್ಯಾಕೆಟ್ಟಿನದು. ದೊಡ್ಡಮ್ಮ ಒಂದು ಬೋಟಿಯನ್ನು ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿದಳು.

"ನನ್ ಬಿಸ್ಲು ತಗಂಡ ಪುಣ್ಯಾತ್ಮ, ನನ್ ಸಂಡ್ಗೇನಾರ ತಗಬಾರ್ದಿತ್ತೇನೆ?" ಅಂದಳು ಅಮ್ಮನ ಕಿವಿಯಲ್ಲಿ. ಪಂಕ್ತಿಯಲ್ಲಿ ನಾಲ್ಕು ಎಲೆಯಾಚೆ ಕೂತಿದ್ದ ನನಗೂ ಕೇಳಿಸಿತು. ಅವಳ ಪಿಸುಮಾತು ಯಾವಾಗಲೂ ಹಾಗೇ.

ಮುಂದಿನ ಶಿವರಾತ್ರಿ ಬಂತು. ಅಂಗಳಕ್ಕೆ ಬಿಸಿಲು ಬರುವುದು ಈಗ ಹೊತ್ತು ನೆತ್ತಿಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಹಿಟ್ಟು ಹಳಸುತ್ತದೆ. ಅವರು ಬಾಯಿಬಿಟ್ಟು ಹೇಳಿದ್ದಾರಲ್ಲ ಅಂತ ದೊಡ್ಡಮ್ಮ ಒಂದು ಬೆಳಿಗ್ಗೆ ಕುದಿಸಿದ ಹಿಟ್ಟಿನ ಪಾತ್ರೆ ಸೊಂಟಕ್ಕಿಟ್ಟು, ಪಂಚೆಗಳ ಗಂಟು ತಲೆಯ ಮೇಲಿಟ್ಟು ಪೂರ್ವದ ಮನೆಗೆ ಹೋದಳು. ಅಮ್ಮ ಚಾಪೆ ಹಿಡಿದುಕೊಂಡು ಹಿಂದೆ ಹೋದಳು. ಗೇಟಿಗೆ ಒಳಗಿನಿಂದ ಬೀಗ. ನಾಯಿ ಎಗರಾಡಿತು. ಬೆಲ್ ಒತ್ತಿದ ಮೇಲೆ ಗೋಡೆಯಲ್ಲಿದ್ದ ಸಣ್ಣ ಡಬ್ಬಿಯೊಂದು "ಯಾರು?" ಅಂತ ಕೇಳಿತಂತೆ.

"ನಾನ್ ಕಣವ್ವ, ನಿಮ್ ನೀರಿನವ್ಳು" ಅಂದಳಂತೆ ದೊಡ್ಡಮ್ಮ.

ಎಲಿವೇಷನ್ನಪ್ಪನ ಹೆಂಡತಿ ಇಳಿದು ಬಂದರು. ಗೇಟು ಅರ್ಧ ತೆರೆದು ಪಾತ್ರೆ ನೋಡಿದರು. ಗ್ರಾನೈಟಿನ ಮೆಟ್ಟಿಲ ಮೇಲೆ ಹಿಟ್ಟು ತೊಟ್ಟಿಕ್ಕಿದರೆ ಕಲೆ ಹೋಗುವುದಿಲ್ಲ ಅಂದರು. ಮೇಲೆ ಸೋಲಾರ್ ಇದೆ, ಬಾಡಿಗೆಯವರು ಬಟ್ಟೆ ಒಣಗಿಸುತ್ತಾರೆ ಅಂದರು. ಯಜಮಾನರು ಊರಲ್ಲಿಲ್ಲ ಅಂದರು. ಎಲ್ಲವೂ ನಯವಾಗಿ. "ಬೇಜಾರ್ ಮಾಡ್ಕೋಬೇಡಿ ಆಂಟಿ" ಅಂತಲೂ ಅಂದರು. ಅಷ್ಟು ವಯಸ್ಸಿನಲ್ಲಿ ದೊಡ್ಡಮ್ಮ ಮೊದಲನೇ ಸಲ ಆಂಟಿ ಅನ್ನಿಸಿಕೊಂಡಳು.

ನಾನು ಬಸ್ಸಿಗೆ ಹೊರಟು ಗೇಟಿನಲ್ಲಿ ನಿಂತಿದ್ದೆ. ಆ ಪಾತ್ರೆ, ಆ ಗಂಟು ಹೊತ್ತು ಅವಳು ವಾಪಸು ಬರುವುದನ್ನು ನೋಡಿದೆ. ನಮ್ಮ ಜಗಲಿಯ ಮೇಲೆ ಪಾತ್ರೆ ಇಳಿಸಿ ಒಂದು ಉಸಿರು ಬಿಟ್ಟಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, "ಲೇ, ಬನ್ರುಲಾ ಮಕ್ಳಾ, ಬಟ್ಲು ತಗಂಬನ್ನಿ! ಇವತ್ತು ಬಿಸ್ಲಿಗೆ ರಜ!"

ಮಕ್ಕಳು ಬಂದವು. ಮಕ್ಕಳ ಅಮ್ಮಂದಿರೂ ಬಂದರು. ಸಂಡಿಗೆಯಾಗಬೇಕಿದ್ದ ಪಾತ್ರೆ ತುಂಬ ಹಿಟ್ಟನ್ನು ಸೌಟಿನಿಂದ ಎತ್ತಿ ಎತ್ತಿ ಬಡಿಸಿದಳು. "ಕಾಗೆ ಕಾಯ್ದೇನೇ ಕೂಲಿ ತಿಂತಾ ಇದೀರ, ನಾಚ್ಕೆ ಆಗಾಕಿಲ್ವಾ" ಅಂತ ಛೇಡಿಸಿದಳು. ಎಲ್ಲರೂ ನಕ್ಕರು. ನನಗೂ ಒಂದು ಬಟ್ಟಲು ಕೊಟ್ಟಳು. ಅದೇ ಖಾರ, ಅದೇ ಹುಳಿ, ಅದೇ ಇಂಗು. ನಾನು ಆ ದಿನ ಬಸ್ಸು ತಪ್ಪಿಸಿಕೊಂಡೆ. ನಕ್ಷೆ ಪಾಸು ಮಾಡುವ ಕಚೇರಿಗೆ ಹೋಗಿ ಕೂಗಾಡಿ ಬಂದೆ. ಅಲ್ಲಿದ್ದವರು ಕುರ್ಚಿ ಕೊಟ್ಟು ಕೂರಿಸಿ, ಕಟ್ಟಿದ್ದನ್ನು ಒಡೆಸೋಕೆ ಆಗುತ್ತಾ ಸಾ ಅಂತ ನನ್ನನ್ನೇ ಕೇಳಿದರು.

ಆ ಬೇಸಿಗೆ ದೊಡ್ಡಮ್ಮ ರಸ್ತೆಯ ಅಂಚಿನಲ್ಲಿ ಪಂಚೆ ಹಾಸಿ ನೋಡಿದಳು, ಕಾರುಗಳ ಧೂಳು ಕೂತಿತು. ನಮ್ಮದು ಇಳಿಜಾರಿನ ಹೆಂಚಿನ ಮಾಡು, ಅದರ ಮೇಲೆ ಏನು ಒಣಗೀತು? ನಮ್ಮ ಮುಂದಿನ ಅಂಗಳಕ್ಕೆ ಹಾಕು ಅಂತ ಅಮ್ಮ ಕರೆದಳು. ಹಾಕಿದಳು. ಎರಡು ಪಂಚೆಯಷ್ಟೇ ಹಿಡಿಯಿತು. ಅಂಗಡಿಯವರು ಪ್ಯಾಕೆಟ್ಟಿನದನ್ನು ತರಿಸಿಕೊಳ್ಳತೊಡಗಿದರು. ಒಂದು ದಿನ ಹಂಡೆಯನ್ನು ಬೂದಿ ಹಾಕಿ ತಿಕ್ಕಿ, ಬೋರಲು ಹಾಕಿ, ಬೀಗದ ಕೈ ತಂದು ಅಮ್ಮನಿಗೆ ಕೊಟ್ಟಳು.

"ತಮ್ಮನ ಮನೆಗೆ ಓಯ್ತೀನಿ ಕಣವ್ವ. ಮಲ್ಲಿಪಟ್ಟಣದಾಗೆ ಅಂಗಳ ಐತೆ. ಬಿಸ್ಲಿರೋ ಕಡೆಗೆ ಓಗದು ಬುಟ್ಟು ಇಲ್ಲೇನ್ ಮಾಡ್ಲಿ?"

ಅಮ್ಮ ಬೀಗದ ಕೈ ತೆಗೆದುಕೊಂಡಳು.

ಅಲ್ಲಿಂದ ಎರಡು ಬೇಸಿಗೆ ಬಸ್ಸಿನವರ ಕೈಯಲ್ಲಿ ನಮಗೆ ಸಂಡಿಗೆ ಬಂತು. ಬಿಳಿ ಮಲ್ಲಿಗೆಯಂಥವು. ಮೂರನೆಯ ಬೇಸಿಗೆ ಬರಲಿಲ್ಲ. ನಾನೂ ಅಮ್ಮನೂ ನೋಡಿಕೊಂಡು ಬರಲು ಮಲ್ಲಿಪಟ್ಟಣಕ್ಕೆ ಹೋದೆವು. ತಮ್ಮನ ಹೆಂಚಿನ ಮನೆ ಇರಲಿಲ್ಲ. ಆ ಜಾಗದಲ್ಲಿ ಅಂಗಳವನ್ನೂ ನುಂಗಿ ಕಬ್ಬಿಣದ ಸರಳುಗಳು ಎದ್ದಿದ್ದವು. ತಮ್ಮನ ಮಕ್ಕಳು ಹೊಸ ಮನೆ ಕಟ್ಟಲು ಹಿಡಿದಿದ್ದರು. ನನಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಅದೇ ಗಾಜು, ಅದೇ ಸ್ಟೀಲಿನ ಕಂಬಿ. ಗದ್ದೆ ಮಾಡುವ ಸಂಸಾರ, ಒಂದು ಮೂಟೆ ಭತ್ತ ಹರವಲು ಜಾಗ ಬಿಟ್ಟಿರಲಿಲ್ಲ. ದೊಡ್ಡಮ್ಮ ಶೀಟು ಹೊದಿಸಿದ ತಾತ್ಕಾಲಿಕ ಮನೆಯ ಮುಂದೆ ಮೊಣಕಾಲು ಹಿಡಿದು ಕೂತಿದ್ದಳು. ಸೊರಗಿದ್ದಳು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು.

"ನನ್ ಹಿಂದಿಂದ್ಲೇ ಬತ್ತಾ ಐತಲ್ಲಲಾ ಈ ಎಲಿವೇಷನ್ನು! ನಾನೇನ್ ಸಾಲಗೀಲ ಮಾಡಿದ್ನಾ ಅದ್ರತಾವ?"

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಹಿಂದಿನ ಹೊಲದ ಬದುವಿನ ಕಾಲುವೆಯಿಂದ ಬಿಂದಿಗೆಯಲ್ಲಿ ನೀರು ತಂದು, ಎದ್ದಿದ್ದ ಗೋಡೆಯ ಬುಡಕ್ಕೆ ಹೊಯ್ಯುತ್ತಿದ್ದಳಂತೆ, ಮನೆಯವರು ಹೇಳಿದರು. ಬೇಡವೆಂದರೂ ಕೇಳುವುದಿಲ್ಲವಂತೆ. ಆ ಮಳೆಗಾಲ ಮುಗಿಯುವ ಮುಂಚೆ ಹೋಗಿಬಿಟ್ಟಳು. ಸುದ್ದಿ ಬಂದಾಗ ನಾವು ಹೋದೆವು. ಹೊಸ ಮನೆಯ ಗೃಹಪ್ರವೇಶ ಆಗಿರಲಿಲ್ಲ, ಸೂತಕ ಹೊಸ ಹೊಸ್ತಿಲು ದಾಟಬಾರದೆಂದು ಅವಳನ್ನು ಶೀಟಿನ ಮನೆಯ ಮುಂದೆಯೇ ಮಲಗಿಸಿದ್ದರು… ಮುಖದ ಮೇಲೆ ಒಳ್ಳೆಯ ಬಿಸಿಲು ಬಿದ್ದಿತ್ತು. ಯಾರೋ ನೆರಳಿಗೆ ಅಂತ ಛತ್ರಿ ಹಿಡಿಯಲು ಬಂದರು. ಅಮ್ಮ ಅವರನ್ನು ಗದರಿ ಕಳಿಸಿದಳು.

ಹಾಸನದ ಮನೆಯನ್ನು ತಮ್ಮನ ಮಕ್ಕಳು ಮಾರಿದರು. ಕೊಂಡವರು ಹೋದ ವರ್ಷ ಅದನ್ನು ಕೆಡವಿದರು. ಬಾವಿ ವಾಸ್ತುವಿಗೆ ಬರುವುದಿಲ್ಲವೆಂದು ಅವಳ ಮನೆಯ ಹೆಂಚು, ಗೋಡೆ, ಹೊಸ್ತಿಲಿನ ಕಲ್ಲು ಎಲ್ಲ ಅದರೊಳಗೇ ತಳ್ಳಿ ಮುಚ್ಚಿದರು. ಯಾವತ್ತೂ ಬತ್ತದ ಬಾವಿ. ಅದನ್ನು ಮುಚ್ಚಿ, ಅದರಿಂದ ನಾಲ್ಕು ಮಾರು ಆಚೆಗೆ ಬೋರ್ ಕೊರೆಸಿದರು. ಧೂಳು ಬಂತು. ನನಗೆ ಆ ದಿನ ಜಗಲಿಯ ಮೇಲೆ ಕೂತು ಬಾಯಿಗೆ ಬಂದ ಹಾಗೆ ಬೈಯಬೇಕೆನಿಸಿತು, ಬೈದೆ ಕೂಡ. ಕೇಳುವವರು ಯಾರಿದ್ದರು, ಬೋರ್ ಲಾರಿಯ ಸದ್ದಿನಲ್ಲಿ?

ಆಗಲೇ ಹೇಳಿದೆನಲ್ಲ, ಅವರೆಕಾಯಿಯ ಆ ಬೆಳಿಗ್ಗೆ, ಕೆಲಸದವನು ಡ್ರಮ್ಮಿನ ತಳ ಕೆರೆದು ಕಂಬಕ್ಕೆ ನೀರು ಎರಚುತ್ತಿದ್ದದ್ದು. ಅದಾದ ಭಾನುವಾರ ಹೊಸ ಸೈಟಿನವರು ಬಂದು ನಮ್ಮ ಜಗಲಿಯ ಕೆಳಗೆ ನಿಂತರು. ಟ್ಯಾಂಕರ್ ಸರಿಯಾಗಿ ಬರುತ್ತಿಲ್ಲ, ನಿಮ್ಮ ಬೋರಿನಿಂದ ಸ್ವಲ್ಪ ನೀರು ಅಂತ ಕೇಳಿದರು. ಯೋಚಿಸಿ ಹೇಳುತ್ತೇನೆ ಅಂದೆ. ಅವರ ಬೆನ್ನು ತಿರುಗುವಷ್ಟರಲ್ಲಿ ಎಲಿವೇಷನ್ನಪ್ಪ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಜಗಲಿ ಹತ್ತಿದರು. ಕೂದಲು ನೆರೆತಿತ್ತು.

"ಸಾ, ನೀರ್ ಕೊಡ್ಬ್ಯಾಡಿ. ನಮ್ಮನೇಗಿಂತ ಒಂದ್ ಅಂತಸ್ತು ಜಾಸ್ತಿ ಎತ್ತುತಾರಂತೆ. ಒಂದಡಿ ಜಾಗ ಬುಡ್ತಿಲ್ಲ. ಮಧ್ಯಾಹ್ನದ ಮ್ಯಾಲೆ ನಮ್ ಸೋಲಾರ್‌ಗೆ ಬಿಸ್ಲೇ ಬೀಳಾಕಿಲ್ಲ. ಇದು ನ್ಯಾಯಾನಾ ನೀವೇ ಯೋಳಿ."

ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಅಮ್ಮ ಅವರನ್ನೇ ನೋಡುತ್ತಿದ್ದಳು. ಮೂರು ಅಂತಸ್ತಿನ ಮೇಲೆ ಇನ್ನೊಂದು ಎದ್ದರೆ ಅವಳು ಕೂತ ಜಾಗಕ್ಕೂ ಬೆಳಗಿನ ಬಿಸಿಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮೆಲ್ಲಗೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಲ್ಲಿ ಮೋಟಾರಿನ ಸದ್ದು ಕೇಳಿತು.

ಎಲಿವೇಷನ್ನಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಹಿತ್ತಲಿಗೆ ಓಡಿದೆ. ಅಮ್ಮ ಸ್ವಿಚ್ಚಿನ ಹತ್ತಿರ ನಿಂತು ಕಾಂಪೌಂಡಿನಾಚೆಯ ಕೆಲಸದವನಿಗೆ ಪೈಪಿನ ತುದಿ ದಾಟಿಸುತ್ತಿದ್ದಳು.

"ಅಮ್ಮ, ಅವತ್ತು ಮೋಟ್ರು ನಿಲ್ಸು ಅಂತ ಜಗಳ ಆಡಿದ್ದು ನೀನೇ ಅಲ್ವಾ?"

"ಊಂ. ನಾನೇಯ" ಅಂದಳು. "ಅಕ್ಕ ಇದ್ಲು, ಜಗಳ ಆಡ್ದೆ. ಈಗ್ಯಾರವ್ರೆ ನೀರ್ ಕೊಡಾಕೆ? ನೀನ್ ನ್ಯಾಯ ಕೇಳೋಗು."

ಹೋಗಿ ಕೇಳಿದೆ. ಹೊಸ ಸೈಟಿನವರು ನೋಡೋಣ ಸಾ ಅಂದರು. ನೋಡಲಿಲ್ಲ.

ಶಿವರಾತ್ರಿ ಕಳೆಯಿತು. ಮೊನ್ನೆ ಅವರ ಎರಡನೇ ಅಂತಸ್ತಿನ ಮೋಲ್ಡಿಂಗ್ ಆಯಿತು. ನಮ್ಮ ನೀರಲ್ಲೇ. ಜಗಲಿಗೆ ಈಗ ಬಿಸಿಲು ಬರುವುದು ತಿಂಡಿ ಮುಗಿದ ಮೇಲೆ. ಇವತ್ತು ಬೆಳಿಗ್ಗೆ ಅಮ್ಮ ಯಾರಿಗೂ ಹೇಳದೆ ತನ್ನ ಚಾಪೆಯನ್ನು ಎತ್ತಿಕೊಂಡು ಹೋಗಿ ಗೇಟಿನ ಪಕ್ಕ, ರಸ್ತೆಯ ಅಂಚಿಗೆ ಹಾಸಿಕೊಂಡಳು.